ಇಸಿಯಲ್ಲಿ ಹೆಸರಿಲ್ಲದವರು

ಲೇಔಟ್ ಮಾಡಲಿಕ್ಕೋ ಅಪಾರ್ಟ್‌ಮೆಂಟ್ ಕಟ್ಟಲಿಕ್ಕೋ ಜಮೀನು ಗೊತ್ತು ಮಾಡಿಕೊಂಡು ನನ್ನ ಕಚೇರಿಗೆ ಬರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಸಾರ್, 30 ವರ್ಷದ ಇಸಿ ತೆಗೆಸಿದೀವಿ, ಎಲ್ಲ ಕ್ಲಿಯರ್ ಇದೆ. ನೀವೊಂದು ಲೀಗಲ್ ಒಪಿನಿಯನ್ ಕೊಟ್ಟುಬಿಟ್ರೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊತೀವಿ." ಫೈಲು ಬಿಚ್ಚಿದರೆ ಈ ವರ್ಷದ ಪಹಣಿ, ಎರಡು ಕ್ರಯಪತ್ರ, ಒಂದು ಮ್ಯುಟೇಷನ್ ಪ್ರತಿ, ನಾಡಕಚೇರಿಯ ವಂಶವೃಕ್ಷ, ಮೇಲೆ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಬೆಂಗಳೂರಿನ ಸುತ್ತ ಆನೇಕಲ್, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಯಾವ ಕಡೆಯಿಂದ ಬಂದರೂ ಫೈಲಿನ ಮೈಕಟ್ಟು ಇಷ್ಟೇ.

ಇಸಿ ಒಳ್ಳೆಯ ದಾಖಲೆಯೇ. ಆದರೆ ಅದು ಹೇಳುವುದು ಒಂದೇ ವಿಷಯ: ಈ ಸರ್ವೆ ನಂಬರಿನ ಮೇಲೆ, ಈ ಅವಧಿಯಲ್ಲಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂಬುದು. ನೋಂದಣಿಯಾಗದ ಉಯಿಲು ಅದರಲ್ಲಿ ಬರುವುದಿಲ್ಲ. ಪಂಚಾಯ್ತಿ ಪಾರೀಕತ್ತು, ಅಂದರೆ ಊರಿನಲ್ಲೇ ಬರೆದುಕೊಂಡ ವಿಭಾಗದ ಕಾಗದ, ಬರುವುದಿಲ್ಲ. ಐದು ವರ್ಷದ ಹಿಂದೆ ಛಾಪಾಕಾಗದದ ಮೇಲೆ ಇನ್ನೊಬ್ಬರಿಗೆ ಬರೆದುಕೊಟ್ಟು ನೋಂದಾಯಿಸದೆ ಬಿಟ್ಟ ಕ್ರಯದ ಕರಾರು ಬರುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ವಿಭಾಗದ ದಾವೆ, ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿರುವ ಅರ್ಜಿ, ಭೂಸ್ವಾಧೀನದ ಅಧಿಸೂಚನೆ ಇವು ಯಾವುವನ್ನೂ ಇಸಿಯಲ್ಲಿ ಕಾಣುವ ಭರವಸೆಯಿಲ್ಲ. ಅದಕ್ಕಿಂತ ಮುಖ್ಯ, ಜಮೀನಿನಲ್ಲಿ ಪಾಲಿದ್ದೂ ಒಂದು ಪತ್ರಕ್ಕೂ ಸಹಿ ಹಾಕದ ಮನುಷ್ಯರು ಅದರಲ್ಲಿ ಇರುವುದಿಲ್ಲ. ಇಷ್ಟು ವರ್ಷ ಟೈಟಲ್, ಅಂದರೆ ಜಮೀನಿನ ಮಾಲೀಕತ್ವ, ನೋಡುವ ವಕೀಲಿ ಕೆಲಸ ಮಾಡಿ ನಾನು ತಿಳಿದುಕೊಂಡದ್ದು ಇದು: ನಮ್ಮ ಕಡೆ ಜಮೀನು ಕೆಡುವುದು ದಾಖಲೆಯಲ್ಲಿರುವವರಿಂದ ಕಡಿಮೆ, ದಾಖಲೆಯಿಂದ ಬಿಟ್ಟುಹೋದವರಿಂದ ಹೆಚ್ಚು. ಕೊಳ್ಳುವ ಮುಂಚಿನ ಪರಿಶೀಲನೆ ಎಂದರೆ ಅವರನ್ನು ಹುಡುಕುವ ಕೆಲಸ.

30 ವರ್ಷ ಎಂಬ ಲೆಕ್ಕ ಬ್ಯಾಂಕುಗಳ ಮೂಲಕ ನಮ್ಮಲ್ಲಿ ಬೇರೂರಿದೆ. ಅದಕ್ಕೊಂದು ಕಾನೂನಿನ ಹಿನ್ನೆಲೆಯೂ ಇದೆ: 30 ವರ್ಷ ಹಳೆಯ ದಾಖಲೆ ಸರಿಯಾದ ವಶದಿಂದ ಬಂದರೆ ಅದರ ಸಹಿ, ಬರೆಹ ಅಸಲಿ ಎಂದು ಕೋರ್ಟು ಭಾವಿಸಬಹುದು, ಸರ್ಕಾರ ದಾವೆ ಹೂಡಲು ಇರುವ ಕಾಲಮಿತಿಯೂ 30 ವರ್ಷ. ಆದರೆ ಇವತ್ತಿನಿಂದ 30 ವರ್ಷ ಹಿಂದಕ್ಕೆ ಎಣಿಸಿದರೆ ನೀವು 1990ರ ದಶಕದ ನಡುವೆ ನಿಲ್ಲುತ್ತೀರಿ. ಕರ್ನಾಟಕದ ಜಮೀನಿನ ಹಣೆಬರಹ ನಿರ್ಧಾರವಾದದ್ದು ಅದಕ್ಕೂ ಮೊದಲೇ. ವೈಯಕ್ತಿಕ ಇನಾಂಗಳು (ಹಿಂದಿನ ಕಾಲದಲ್ಲಿ ಕೊಡುಗೆಯಾಗಿ ಕೊಟ್ಟ ಜಮೀನು) ರದ್ದಾದದ್ದು 1954ರ ಕಾಯ್ದೆಯಿಂದ, ಧಾರ್ಮಿಕ ಇನಾಂಗಳು 1955ರ ಕಾಯ್ದೆಯಿಂದ. ಶಾನುಭೋಗಿಕೆ, ಪಟೇಲಿಕೆ, ತೋಟಿ, ತಳವಾರಿಕೆಯ ಇನಾಂತಿ ಜಮೀನಿನ ಕಥೆ ಬದಲಾದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಭೂಸುಧಾರಣೆ ಕಾಯ್ದೆಯಡಿ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿದ್ದು 1974ರ ಮಾರ್ಚ್ 1ರಂದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸಿದ, ಎಲ್ಲರೂ ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆ ಜಾರಿಗೆ ಬಂದದ್ದು 1979ರ ಜನವರಿ 1ರಿಂದ. 30 ವರ್ಷದ ಇಸಿ ಈ ಎಲ್ಲದರ ಈಚೆಗೆ ನಿಂತು ಹಿಂದೆ ತಿರುಗಿ ನೋಡುವುದೇ ಇಲ್ಲ.

ಆದ್ದರಿಂದ ನಾನು ಕಕ್ಷಿದಾರರಿಗೆ ಮೊದಲು ಕೇಳುವ ಪ್ರಶ್ನೆ "ಯಾರಿಂದ ಕೊಳ್ಳುತ್ತಿದ್ದೀರಿ" ಎಂದಲ್ಲ, "ಇದು ಇವರ ಮನೆತನಕ್ಕೆ ಮೊದಲು ಹೇಗೆ ಬಂತು" ಎಂದು. ಉತ್ತರಗಳು ಬೆರಳೆಣಿಕೆಯವು. ಪಿತ್ರಾರ್ಜಿತ, ಕ್ರಯ, ಮಂಜೂರಾತಿ, ಭೂನ್ಯಾಯಮಂಡಳಿಯ ಆದೇಶ, ಇನಾಂ ಮರುಮಂಜೂರು. ಉತ್ತರ ಯಾವುದೋ ಅದರ ಮೇಲೆ ಮುಂದಿನ ದಾರಿ. ಪಹಣಿಯ ಕಲಂ 9ರಲ್ಲಿ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳುವವರು ಪಕ್ಕದ ಕಲಂ 10ನ್ನು ಓದಬೇಕು. ಸ್ವಾಧೀನ ಹೇಗೆ ಬಂತೆಂದು ಅಲ್ಲಿ ಬರೆದಿರುತ್ತದೆ, ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರಿನ ಸಮೇತ. ಆ ಎಂ.ಆರ್. ಹಿಡಿದು ಹಿಂದಕ್ಕೆ, ಅದರ ಹಿಂದಿನ ಎಂ.ಆರ್. ಹಿಡಿದು ಇನ್ನೂ ಹಿಂದಕ್ಕೆ, 1960ರ ದಶಕದ ಕೈಬರಹದ ಪಹಣಿವರೆಗೆ, ಅಲ್ಲಿಂದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್‌ವರೆಗೆ ಹೋಗಬೇಕು. ಪಹಣಿಯೇ ಹಕ್ಕಲ್ಲ ಎಂಬುದನ್ನೂ ಮರೆಯಬಾರದು. ಭೂಕಂದಾಯ ಕಾಯ್ದೆಯ 133ನೇ ಕಲಂ ಪಹಣಿಯ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು ಎನ್ನುತ್ತದೆ, ಅಷ್ಟೇ.

ಮಂಜೂರಾತಿ ಜಮೀನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಹಣ ಮುಳುಗುವುದೂ, ಅತಿ ಹೆಚ್ಚು ಅನ್ಯಾಯ ನಡೆದಿರುವುದೂ ಇಲ್ಲೇ.

ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದರಖಾಸ್ತು (ಜಮೀನು ಮಂಜೂರಾತಿಯ ಕೋರಿಕೆ) ರಿಜಿಸ್ಟರು, ಸಾಗುವಳಿ ಚೀಟಿ (ಮಂಜೂರಿದಾರರಿಗೆ ಕೊಡುವ ಪತ್ರ) ವಿತರಣೆಯ ರಿಜಿಸ್ಟರು ಎಂದು ಇರುತ್ತವೆ. ದಪ್ಪ ರಟ್ಟು, ಅಂಚು ಹರಿದ ಹಾಳೆಗಳು. ಸರ್ವೆ ನಂಬರು, ಎಕರೆ ಗುಂಟೆ, ಮಂಜೂರಿ ಆದೇಶದ ನಂಬರು, ದಿನಾಂಕ, ಮಂಜೂರಿದಾರರ ಹೆಸರು. ಕೆಲವು ಹೆಸರಿನ ಪಕ್ಕ ಶಾಯಿಯಲ್ಲಿ ಎರಡೇ ಅಕ್ಷರ: "ಎ.ಕೆ." ಆದಿ ಕರ್ನಾಟಕ ಎಂದು ಗುಮಾಸ್ತರು ಹಾಕಿಕೊಂಡ ಗುರುತು. ಈಗಿನ ಕಂಪ್ಯೂಟರ್ ಪಹಣಿಯಲ್ಲಿ ಈ ಎರಡಕ್ಷರ ಹುಡುಕಿದರೂ ಸಿಗುವುದಿಲ್ಲ. ಜಮೀನು ನಾಲ್ಕು ಕೈ ಬದಲಾಗಿ, ಕೊನೆಯ ಮಾರಾಟಗಾರರು ಯಾವುದೋ ನಗರದ ಉದ್ಯಮಿಯಾಗಿದ್ದಾಗ, ಇದು ಒಂದು ಕಾಲದಲ್ಲಿ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಉಚಿತವಾಗಿ ಮಂಜೂರಾದ ಎರಡು ಎಕರೆ ಎಂದು ಇಸಿ ನೋಡಿದ ಯಾರಿಗೂ ಹೊಳೆಯುವುದಿಲ್ಲ. ಆ ಎರಡಕ್ಷರ ನೋಡಿದ ಮೇಲೆ ಫೈಲಿನ ದಿಕ್ಕೇ ಬದಲಾಗುತ್ತದೆ.

ಆಗ ನೋಡಬೇಕಾದದ್ದು ಮಂಜೂರಾತಿ ಯಾವ ನಿಯಮದಡಿ ಆಯಿತು, ಪರಭಾರೆ ಮಾಡಬಾರದೆಂದು ಎಷ್ಟು ವರ್ಷದ ಷರತ್ತು ಹಾಕಿತ್ತು, ಮೊದಲ ಕ್ರಯ ಆ ಅವಧಿಯೊಳಗೆ ಆಗಿದೆಯೇ, 1979ರ ನಂತರದ ಕ್ರಯವಾದರೆ ಸರ್ಕಾರದ ಪೂರ್ವಾನುಮತಿ ಇತ್ತೇ. ಷರತ್ತು ಮುರಿದಿದ್ದರೆ ಪಿಟಿಸಿಎಲ್ ಕಾಯ್ದೆಯ 4ನೇ ಕಲಂ ಪ್ರಕಾರ ಆ ಕ್ರಯ ಅಸಿಂಧು. 5ನೇ ಕಲಂನಡಿ ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಆ ಮೇಲೆ ಎಷ್ಟು ಜನ ಕೊಂಡಿದ್ದರೂ ಎಷ್ಟು ಮಹಡಿ ಎದ್ದಿದ್ದರೂ ಬುಡವೇ ಅಲ್ಲಾಡುತ್ತದೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು, ದಶಕಗಳ ನಂತರ ಅಲ್ಲ ಎಂದಿತು. ಅದನ್ನಾಧರಿಸಿ ಸಾಕಷ್ಟು ಅರ್ಜಿಗಳು ವಜಾ ಆದವು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು ಬರೆಯಿತು. "ಪಿಟಿಸಿಎಲ್ ಎಲ್ಲ ಮುಗಿದ ಕಥೆ ಸಾರ್" ಎಂದು ಬ್ರೋಕರು ಹೇಳಿದರೆ ನಂಬಿ ಹಣ ಹಾಕುವ ಕಾಲ ಇದಲ್ಲ.

ಡೆವಲಪರುಗಳು ಇದನ್ನು ಪಿಟಿಸಿಎಲ್ ಕಾಟ ಎನ್ನುತ್ತಾರೆ. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕೈಸಾಲ ಮಾಡಿ, ತೀರಿಸಲಾಗದೆ, ಹೆಬ್ಬೆಟ್ಟು ಒತ್ತಿ ಕಳೆದುಕೊಂಡ ಜಮೀನುಗಳು ಇವು. ಬಡತನ ಮತ್ತು ತಿಳಿವಳಿಕೆಯ ಕೊರತೆಯನ್ನು ಬಳಸಿಕೊಂಡು ಬಲ್ಲವರು ಕಬಳಿಸಿದರೆಂದೇ ಶಾಸನಸಭೆ ಆ ಕಾಯ್ದೆ ಮಾಡಿತು. ಅದರ ಹೆಸರಲ್ಲಿ ದುರುಪಯೋಗವೂ ನಡೆದಿದೆ, ವಾರಸುದಾರರ ಹಿಂದೆ ಬೇರೆ ಹಣವಂತರು ನಿಂತು ಅರ್ಜಿ ಹಾಕಿಸಿದ್ದನ್ನು ಕಂಡಿದ್ದೇನೆ. ಆದರೂ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ಮಂಜೂರಾತಿಯ ಮೂಲ ಕಡತ ಸಿಗುವವರೆಗೆ ಮುಂದಕ್ಕೆ ಹೋಗಬೇಡಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಫೈಲುಗಳಲ್ಲಿ "ಪಿಟಿಸಿಎಲ್ ನಿಲ್", "ಟೆನೆನ್ಸಿ ನಿಲ್" ಎಂಬ ಹಿಂಬರಹಗಳನ್ನು ಜೋಡಿಸಿ ತರುತ್ತಾರೆ. ಉಪವಿಭಾಗಾಧಿಕಾರಿ ಕಚೇರಿಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಈ ಸರ್ವೆ ನಂಬರಿನ ಮೇಲೆ ಪ್ರಕರಣ ಬಾಕಿ ಇರುವುದು ಕಂಡುಬಂದಿಲ್ಲ ಎಂದಷ್ಟೇ ಅವುಗಳ ಅರ್ಥ. ನಾಳೆ ಬೆಳಿಗ್ಗೆ ಅರ್ಜಿ ಬರುವುದಿಲ್ಲ ಎಂದಲ್ಲ. ಅದಕ್ಕಿಂತ ಕಷ್ಟದ್ದು "ಕಡತ ಲಭ್ಯವಿಲ್ಲ" ಎಂಬ ಹಿಂಬರಹ. ಅದನ್ನು ಕೆಲವರು ಸಮಸ್ಯೆ ಇಲ್ಲ ಎಂಬಂತೆ ಓದುತ್ತಾರೆ. ಮಂಜೂರಾತಿಯ ಕಡತವೇ ಇಲ್ಲದಿದ್ದರೆ ಮಂಜೂರಾತಿ ಆಗಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುತ್ತದೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸದನ ಸಮಿತಿ, ಆಮೇಲೆ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ ಕೊಟ್ಟ ವರದಿಗಳನ್ನು ಓದಿದವರಿಗೆ, ಗೋಮಾಳವನ್ನು ಖೊಟ್ಟಿ ಮಂಜೂರಾತಿ ಪತ್ರದ ಮೇಲೆ ಖಾಸಗಿ ಜಮೀನು ಮಾಡಿಕೊಳ್ಳುವ ಪರಿ ಗೊತ್ತಿರುತ್ತದೆ. ಅಂಥದ್ದನ್ನು ಕೊಂಡವರು ಜಮೀನನ್ನೂ ಕಳೆದುಕೊಂಡು, 2011ರ ಭೂಕಬಳಿಕೆ ನಿಷೇಧ ಕಾಯ್ದೆಯಡಿ ವಿಶೇಷ ನ್ಯಾಯಾಲಯದ ಮುಂದೆಯೂ ನಿಲ್ಲಬೇಕಾಗಬಹುದು.

ಗೇಣಿ ಜಮೀನಿಗೂ ಇದೇ ಬಗೆಯ ಓದು ಬೇಕು. 1970ರ ದಶಕದ ಕೈಬರಹದ ಪಹಣಿಯಲ್ಲಿ ಕಲಂ 12ರ ಸಾಗುವಳಿದಾರರ ಹೆಸರು ಮಾಲೀಕರ ಹೆಸರಿಗಿಂತ ಬೇರೆ ಇದ್ದರೆ ಅಲ್ಲಿ ನಿಲ್ಲಬೇಕು. ಆ ಹೆಸರಿನವರು ನಮೂನೆ 7 (ಗೇಣಿದಾರರು ಹಕ್ಕು ಕೋರುವ ಅರ್ಜಿ) ಹಾಕಿದ್ದರೇ, ಭೂನ್ಯಾಯಮಂಡಳಿ ಏನು ಆದೇಶ ಮಾಡಿತು, ಹೈಕೋರ್ಟು ಅದನ್ನು ಮರುವಿಚಾರಣೆಗೆ ಹಿಂದಿರುಗಿಸಿತೇ ಎಂದು ನೋಡಬೇಕು. ಅಧಿಭೋಗದ ಹಕ್ಕು ಸಿಕ್ಕ ಜಮೀನಾದರೆ ನಮೂನೆ 10 (ಆ ಹಕ್ಕಿನ ಪ್ರಮಾಣಪತ್ರ) ಕೊಟ್ಟ ದಿನಾಂಕವೂ, ಭೂಸುಧಾರಣೆ ಕಾಯ್ದೆಯ 61ನೇ ಕಲಂನ 15 ವರ್ಷದ ಪರಭಾರೆ ನಿರ್ಬಂಧವೂ ಲೆಕ್ಕಕ್ಕೆ ಬರುತ್ತವೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಎನ್ನುತ್ತಿದ್ದ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು ನಿಜ. ಅದರಿಂದ ಭೂಸುಧಾರಣೆ ಕಾಯ್ದೆಯೇ ಹೋಯಿತೆಂದು ತಿಳಿದವರು ಬಹಳ ಜನ. ಹಾಗಿಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ.

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಆಗುವುದು ಗಂಡುಮಕ್ಕಳ ಹೆಸರಿಗೆ. ವಂಶವೃಕ್ಷ ಬರೆಸುವಾಗ "ಹೆಣ್ಮಕ್ಕಳನ್ನ ಯಾಕೆ ಹಾಕೋದು, ಮದುವೆ ಮಾಡಿ ಕೊಟ್ಟಾಯ್ತಲ್ಲ" ಎಂದು ಬಿಡುವುದು ಇವತ್ತಿಗೂ ನಡೆಯುತ್ತಿದೆ. ಹೆಣ್ಣುಮಕ್ಕಳಿಗೆ ಪಾಲು ಬಂದದ್ದು 2005ರಲ್ಲಿ ಎಂದು ವಿದ್ಯಾವಂತರೂ ನಂಬಿದ್ದಾರೆ. ಅಪ್ಪನ ಸ್ವಯಾರ್ಜಿತದಲ್ಲಿ, ಆತ ಉಯಿಲು ಬರೆಯದೆ ತೀರಿಕೊಂಡರೆ, ಮಗಳು ಮಗನಷ್ಟೇ ಹಕ್ಕಿನ ವಾರಸುದಾರಳಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಕೊಟ್ಟಿತು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಒಳಗೆ ತಂದಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಗೆಹರಿಸಿತು: ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರವೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಅದಕ್ಕೆ ರಕ್ಷಣೆಯಿದೆ. ಬಾಯಿಮಾತಿನ ವಿಭಾಗ, ಪಂಚಾಯ್ತಿ ಪಾರೀಕತ್ತು ಇವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ವಿಭಾಗ ಆಗಿರುವುದು ಹೆಚ್ಚಾಗಿ ಹಾಗೆಯೇ.

ದೊಡ್ಡಬಳ್ಳಾಪುರದ ಕಡೆಯ ಒಂದು ಫೈಲಿನಲ್ಲಿ ವಂಶವೃಕ್ಷದ ಪ್ರಕಾರ ಮೂವರು ಅಣ್ಣತಮ್ಮಂದಿರು ಮಾತ್ರ. ಊರಿನ ಅಂಗಡಿಯೊಂದರಲ್ಲಿ ಟೀ ಕುಡಿಯುತ್ತ ಮಾತಿಗೆ ಕೂತಾಗ, ಅವರಿಗೊಬ್ಬ ಅಕ್ಕ ಇದ್ದಾರೆ, ಚಿಂತಾಮಣಿ ಕಡೆಗೆ ಕೊಟ್ಟಿದೆ ಎಂದು ತಿಳಿಯಿತು. ನನ್ನ ಕಕ್ಷಿದಾರ, ಚಿಕ್ಕ ವಯಸ್ಸಿನ ಡೆವಲಪರ್, ಒಳ್ಳೆಯ ಹುಡುಗ. ಅವನನ್ನೂ ಕರೆದುಕೊಂಡೇ ಹೋದೆ. ಆಯಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಕೈ ಕೆಲಸ ನಿಲ್ಲಲಿಲ್ಲ.

"ಯಾವ ಹೊಲ ಸಾಮಿ, ಬಾವಿ ಹೊಲಾನಾ?"

"ಹೌದಮ್ಮ, ಬಾವಿ ಇರೋದು."

"ಆ ಬಾವಿ ತೋಡ್ಬೇಕಾದ್ರೆ ಮಣ್ಣು ಹೊತ್ತೋಳು ನಾನು. ಮಾರ್ತಾವ್ರಂತಾ? ನಂಗ್ಯಾರೂ ಹೇಳ್ನಿಲ್ಲ." ಆಮೇಲೆ ತಲೆಯೆತ್ತಿ, "ಈಗ ನನ್ ಕೈಲಿ ಹೆಬ್ಬೆಟ್ಟು ಹಾಕಿಸ್ಕಣಕ್ ಬಂದ್ರಾ?"

"ಇಲ್ಲಮ್ಮ. ನಿಮಗೂ ಪಾಲಿದೆ ಅಂತ ಹೇಳೋಕೆ ಬಂದೆ. ನಾನು ಕೊಳ್ಳೋರ ಕಡೆ ವಕೀಲ. ನೀವು ನಿಮ್ಮ ಕಡೆಯವರೊಬ್ಬರನ್ನ ಕೇಳಿ, ಆಮೇಲೆ ಮಾತಾಡೋಣ."

ಇಂಥ ಕಡೆ ಸಾಮಾನ್ಯವಾಗಿ ನಡೆಯುವುದು ಬೇರೆ. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು, ಉಪನೋಂದಣಾಧಿಕಾರಿ ಕಚೇರಿಗೆ ಕರೆಸಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಪತ್ರದಲ್ಲಿ ಏನಿದೆ ಎಂದು ಅವರಿಗೆ ಓದಿ ಹೇಳಿರುವುದಿಲ್ಲ. ಕೆಲವು ವರ್ಷದ ಮೇಲೆ ಆ ಅಕ್ಕನ ಮಕ್ಕಳು ದೊಡ್ಡವರಾಗಿ, ಪಕ್ಕದ ಲೇಔಟಿನ ನಿವೇಶನದ ಬೆಲೆ ಕೇಳಿ, ಮೋಸದಿಂದ ಬರೆಸಿಕೊಂಡರೆಂದು ದಾವೆ ಹಾಕುತ್ತಾರೆ. ಆ ದಾವೆಯಲ್ಲಿ ಮೊದಲು ಬರುವುದು ತಡೆಯಾಜ್ಞೆ. ನಾನು ಡೆವಲಪರಿಗೆ ಹೇಳಿದ್ದು ಇಷ್ಟು: ಅವರು ಒಪ್ಪಿಗೆ ಸಾಕ್ಷಿ ಅಲ್ಲ, ಮಾರಾಟಗಾರರಲ್ಲಿ ಒಬ್ಬರು. ಪತ್ರದಲ್ಲಿ ಅವರ ಹೆಸರು ಅಣ್ಣತಮ್ಮಂದಿರ ಜೊತೆ ಬರಲಿ, ಅವರ ಪಾಲಿನ ಚೆಕ್ಕು ಅವರ ಖಾತೆಗೆ ಹೋಗಲಿ. ಅಣ್ಣತಮ್ಮಂದಿರು ಕೆಲವು ತಿಂಗಳು ಮುನಿಸಿಕೊಂಡರು, ವ್ಯವಹಾರ ತಡವಾಯಿತು. ಕೊನೆಗೆ ಹಾಗೆಯೇ ನೋಂದಣಿ ಆಯಿತು. ಅವತ್ತು ಅಕ್ಕ ಮೊಮ್ಮಗಳ ಕೈಯಲ್ಲಿ ಪತ್ರ ಓದಿಸಿಕೊಂಡೇ ಸಹಿ ಹಾಕಿದರು. ಕೊಂಡವರ ಹಿತ ಮತ್ತು ಆಯಮ್ಮನ ಹಿತ ಬೇರೆ ಬೇರೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಅಪ್ರಾಪ್ತರ ಪಾಲಿದ್ದರೆ ಇನ್ನೂ ಎಚ್ಚರ ಬೇಕು. ಅಪ್ರಾಪ್ತರ ಸ್ವಂತ ಆಸ್ತಿಯನ್ನು ಪೋಷಕರು ಕೋರ್ಟಿನ ಅನುಮತಿ ಇಲ್ಲದೆ ಮಾರಿದರೆ, ಆ ಮಗು ವಯಸ್ಕವಾದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು. ಹಳೆಯ ಕ್ರಯಪತ್ರದಲ್ಲಿ "ಮೈನರ್ ಗಾರ್ಡಿಯನ್ ತಾಯಿ" ಎಂದು ಕಂಡ ಕೂಡಲೇ ಆ ಮಗುವಿನ ಹುಟ್ಟಿದ ವರ್ಷ ಕೇಳಬೇಕು.

ಒಬ್ಬರೇ ಮನುಷ್ಯ ಒಂದು ಪತ್ರದಲ್ಲಿ ಮುನಿಯಪ್ಪ, ಇನ್ನೊಂದರಲ್ಲಿ ದೊಡ್ಡಮುನಿಯಪ್ಪ, ಪಹಣಿಯಲ್ಲಿ ಮುನಿಗ. ಅಪ್ಪನ ಹೆಸರಿನಲ್ಲೂ ಹಾಗೆಯೇ. ಕೋರ್ಟಿನ ವೆಬ್‌ಸೈಟಿನಲ್ಲಿ ಪ್ರಕರಣ ಹುಡುಕುವಾಗ ಈ ಎಲ್ಲ ಹೆಸರಿನಲ್ಲೂ ಹುಡುಕಬೇಕು, ಕಂದಾಯ ನ್ಯಾಯಾಲಯಗಳಲ್ಲೂ ನೋಡಬೇಕು. ದಾವೆ ನಡೆಯುತ್ತಿರುವಾಗ ಕೊಂಡವರು ಆ ದಾವೆಯ ತೀರ್ಪಿಗೆ ಕಟ್ಟುಬೀಳುತ್ತಾರೆ, ಅವರಿಗೆ ಅದು ಗೊತ್ತಿರಲಿ ಬಿಡಲಿ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೇಲಿನ ಕ್ರಯ ನಡುವೆ ಬಂದಿದ್ದರೆ, ಪತ್ರ ನೋಂದಣಿಯಾದ ದಿನ ಜಿಪಿಎ ಬರೆದುಕೊಟ್ಟವರು ಬದುಕಿದ್ದರೇ ಎಂದು ನೋಡಬೇಕು. ಬರೀ ಜಿಪಿಎ ಮತ್ತು ಅಗ್ರಿಮೆಂಟಿನಿಂದ ಮಾಲೀಕತ್ವ ಬರುವುದಿಲ್ಲವೆಂದು 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿದೆ. ಮೂಲಪತ್ರಗಳು ಎಲ್ಲಿವೆ ಎಂದು ಕೇಳಿದಾಗ "ಕಳೆದುಹೋಗಿವೆ" ಎಂದರೆ, ಅವು ಯಾರ ಬಳಿಯೋ ಸಾಲಕ್ಕೆ ಅಡವಿದ್ದರೂ ಇರಬಹುದು.

ದಾಖಲೆ ಮುಗಿದ ಮೇಲೆ ಜಮೀನಿನ ಮೇಲೆ ಕಾಲಿಡಬೇಕು. ನಾನು ಹಳೆಯ ಕ್ರಯಪತ್ರದ ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರವನ್ನು, ಹೊಲದಲ್ಲೇ ನಿಂತು ಗಟ್ಟಿಯಾಗಿ ಓದುತ್ತೇನೆ, ಪಕ್ಕದ ಹೊಲದವರು ಯಾರಾದರೂ ಇದ್ದರೆ ಅವರನ್ನೂ ಕರೆದು. ದೇವನಹಳ್ಳಿ ಕಡೆ ಒಂದು ಹೊಲದಲ್ಲಿ ಹೀಗೆ ಓದುತ್ತ, "ಪೂರ್ವಕ್ಕೆ ಹಳ್ಳ ಅಂತ ಬರೆದಿದೆಯಲ್ಲ ಯಜಮಾನ್ರೇ, ಹಳ್ಳ ಎಲ್ಲಿ?" ಎಂದು ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಹಳ್ಳ ಇತ್ತು. ಹೋದ್ ಬ್ಯಾಸಿಗೇಲಿ ಜೇಸಿಬಿ ತಂದು ಮುಚ್ಚುದ್ರಲ್ಲ, ನೀವ್ ನಿಂತಿರೋದೇ ಅದ್ರ ಮ್ಯಾಲೆ" ಎಂದರು. ಜಮೀನು ಸಮತಟ್ಟಾಗಿ ಕಾಣಲಿ ಎಂದು ಮಾರುವವರು ಮಾಡಿದ ಏರ್ಪಾಡು ಅದು. ಗ್ರಾಮನಕಾಶೆ ತೆಗೆದು ನೋಡಿದಾಗ ಹಳ್ಳದ ಗೆರೆ ಕಣ್ಣಿಗೆ ಹೊಡೆಯುವಂತಿತ್ತು. ಪಹಣಿಯ ಕಲಂ 3ರಲ್ಲಿ ಬಿ ಖರಾಬು ಎಂದೂ ಇತ್ತು. ಎ ಖರಾಬು ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿಯ ಜೊತೆಗೇ ಹೋಗುತ್ತದೆ. ಬಿ ಖರಾಬು ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕ ಜಾಗ. ಅದು ಸರ್ಕಾರದ್ದು, ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ.

ಹಳ್ಳ ಇದ್ದ ಕಡೆ ಬಫರ್, ಅಂದರೆ ಕಟ್ಟಡ ಕಟ್ಟಬಾರದ ಅಂಚು, ಬರುತ್ತದೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರು, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರು ಎಂದಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಬಫರನ್ನು 75 ಮೀಟರಿಗೆ ಏರಿಸಿತು, ಸುಪ್ರೀಂ ಕೋರ್ಟು 2019ರ ಮಾರ್ಚ್ 5ರಂದು ಆ ಭಾಗವನ್ನು ರದ್ದು ಮಾಡಿತು. ಈ ಅಳತೆಗಳು ಬದಲಾಗುತ್ತಲೇ ಬಂದಿವೆ, ಪ್ಲಾನ್ ಮಂಜೂರಾತಿಗೆ ಹೋಗುವ ದಿನ ಏನು ಜಾರಿಯಲ್ಲಿದೆಯೋ ಅದನ್ನೇ ಹಿಡಿಯಬೇಕು. ಹಳ್ಳ ಮುಚ್ಚಿದ ಮಾತ್ರಕ್ಕೆ ಮಳೆನೀರು ದಾರಿ ಮರೆಯುವುದಿಲ್ಲ, ನಾಳೆ ಅದು ನುಗ್ಗುವುದು ಅಲ್ಲಿ ಮನೆ ಕೊಂಡವರ ನೆಲಮಹಡಿಗೆ.

ಅಳತೆಯ ಇನ್ನೊಂದು ತಕರಾರು ಪೋಡಿ ಆಗದ, ಅಂದರೆ ಪಾಲುವಾರು ಅಳೆದು ಬೇರೆ ಮಾಡದ, ಸರ್ವೆ ನಂಬರುಗಳದ್ದು. ಒಂದು ಸರ್ವೆ ನಂಬರಿಗೆ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದಿನಲ್ಲಿ 6 ಎಕರೆ 20 ಗುಂಟೆ ಎಂದಿದೆ ಎನ್ನಿ. ಅದರಲ್ಲಿ ಪಾಲು ಕೊಂಡ ಎಲ್ಲರ ಪಹಣಿ ಕೂಡಿಸಿದರೆ 7 ಎಕರೆ 2 ಗುಂಟೆ. 22 ಗುಂಟೆ ಕಾಗದದ ಮೇಲೆ ಮಾತ್ರ ಇದೆ. ಗುಂಟೆಗೆ 1,089 ಚದರಡಿಯಂತೆ ಅದು 23,958 ಚದರಡಿ, ಸುಮಾರು 20 ಮೂವತ್ತು-ನಲವತ್ತರ ನಿವೇಶನದಷ್ಟು ಜಾಗ. ಕೊನೆಗೆ ಕೊಂಡವರಿಗೆ ಅದು ಸಿಗುವುದಿಲ್ಲ. ಟಿಪ್ಪಣಿ (ಮೂಲ ಅಳತೆಯ ಚಿತ್ರ), ಆಕಾರ್‌ಬಂದ್, 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ) ಮೂರನ್ನೂ ಎದುರಿಗಿಟ್ಟುಕೊಂಡು, ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಅಕ್ಕಪಕ್ಕದವರ ಎದುರಲ್ಲೇ ಕಲ್ಲು ನೆಡಿಸಬೇಕು. ಜಮೀನಿಗೆ ಬರುವ ದಾರಿ ನಕಾಶೆ ಕಂಡ ದಾರಿಯೋ, ಪಕ್ಕದವರು ಬಿಟ್ಟುಕೊಟ್ಟ ದಾರಿಯೋ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮೊದಲ ನೋಟಕ್ಕೆ ಬಹಳ ಉಪಕಾರಿ, ಸರ್ವೆಯರ ಅಳತೆಗೆ ಬದಲಿ ಅಲ್ಲ.

ಭೂಸ್ವಾಧೀನದ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. ಯಲಹಂಕ ಮತ್ತು ಬೆಂಗಳೂರು ಉತ್ತರ ತಾಲೂಕುಗಳ 17 ಹಳ್ಳಿಗಳ 3,546 ಎಕರೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) 2008ರ ಡಿಸೆಂಬರ್ 30ರಂದು ಶಿವರಾಮ ಕಾರಂತ ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ನಡುವೆ ಕೆಲವು ಜಮೀನು ಕೈಬಿಟ್ಟಂತಾಯಿತು, ಹೈಕೋರ್ಟಿನ ಆದೇಶಗಳೂ ಬಂದವು, ಯೋಜನೆ ನಿಂತೇಹೋಯಿತು ಎಂದುಕೊಂಡು ಜನ ನಿವೇಶನ ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟು ಸ್ವಾಧೀನ ಮುಂದುವರಿಸಲು ಹೇಳಿತು. ಆ ನಡುವೆ ಎದ್ದ ಕಟ್ಟಡಗಳ ಅಹವಾಲು ಕೇಳಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ರಚನೆಯಾಗಬೇಕಾಯಿತು. ಜೀವಮಾನದ ಉಳಿತಾಯ ಹಾಕಿ ಮನೆ ಕಟ್ಟಿದವರು ದಾಖಲೆ ಹಿಡಿದು ಸಾಲಿನಲ್ಲಿ ನಿಂತರು. ಬಿಡಿಎ, ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), ಹೆದ್ದಾರಿ ಪ್ರಾಧಿಕಾರ ಇವುಗಳ ಅಧಿಸೂಚನೆಯನ್ನು ರಾಜ್ಯಪತ್ರದಲ್ಲೇ ಹುಡುಕಬೇಕು, "ಡಿನೋಟಿಫೈ ಆಗಿದೆ" ಎಂಬ ಮಾತನ್ನು ಆದೇಶದ ಪ್ರತಿ ಇಲ್ಲದೆ ನಂಬಬಾರದು. ಮಾಸ್ಟರ್ ಪ್ಲಾನಿನಲ್ಲಿ ಹಳದಿ (ವಾಸದ) ಬಣ್ಣವೋ ಹಸಿರೋ (ಕೃಷಿಯದೋ), ಭೂಪರಿವರ್ತನೆ ವಾಸದ ಉದ್ದೇಶಕ್ಕೇ ಆಗಿದೆಯೇ ಎಂದು ನೋಡುವುದು ಮಾಮೂಲಿ ಕೆಲಸ. ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಜಿಲ್ಲಾಧಿಕಾರಿ ಪರಿವರ್ತನೆ ಆದೇಶ ಕೊಟ್ಟ ಮಾತ್ರಕ್ಕೆ ಟೈಟಲಿನ ದೋಷ ತೊಳೆದುಹೋಗುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವ ಪದ್ಧತಿಯಿದೆ. ಕೊಡಲೇಬೇಕು. ಆದರೆ ಜಮೀನಿರುವ ಊರಿಗೆ ಬಾರದ ಪತ್ರಿಕೆಯಲ್ಲಿ, ಒಳಪುಟದ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿ, ಏಳು ದಿನದಲ್ಲಿ ತಕರಾರು ಬರಲಿಲ್ಲ ಎಂದು ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅದೇ ಪ್ರಕಟಣೆಯ ಪ್ರತಿಯನ್ನು ಗ್ರಾಮ ಪಂಚಾಯ್ತಿಯ ಫಲಕಕ್ಕೆ, ಡೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ಬೆಳಗಿನ ಹಾಲು ಹಾಕಲು ಊರಿನ ಹೆಂಗಸರೆಲ್ಲ ಬರುವ ಜಾಗ ಅದು. ನನ್ನ ಮಟ್ಟಿಗೆ ನಿಜವಾದ ತಕರಾರುಗಳು ಹೆಚ್ಚು ಬಂದಿರುವುದು ಅಲ್ಲಿಂದಲೇ. ತಕರಾರು ಬಂದರೆ ಡೆವಲಪರು ಗಾಬರಿಯಾಗುತ್ತಾರೆ. ಅಡ್ವಾನ್ಸ್ ಕೊಡುವ ಮೊದಲು ಬಂದ ತಕರಾರಿಗೆ ನಾನು ಸಂತೋಷಪಡುತ್ತೇನೆ.

ಇಷ್ಟೆಲ್ಲ ಒಂದು ವಾರದಲ್ಲಿ ಆಗುವ ಕೆಲಸವಲ್ಲ. 2004ರ ಏಪ್ರಿಲ್‌ನಿಂದ ಈಚಿನ ನೋಂದಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕೈಬರಹದ ಇಸಿಗೆ ಕಾಯಬೇಕು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಶುರುವಾದ ಮೇಲೆ ನಕಲು ಸಿಗುವುದು ಸ್ವಲ್ಪ ಸುಲಭವಾಗಿದೆ. ಆದರೂ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಇನ್ನೊಬ್ಬರು ಜಮೀನು ಹೊಡೆದುಕೊಂಡು ಹೋಗುತ್ತಾರೆಂಬ ಭಯ ಎಲ್ಲರಿಗೂ. ಅದಕ್ಕೆ ದಾರಿಯಿದೆ: ಸಣ್ಣ ಮೊತ್ತದ ಟೋಕನ್, ಪರಿಶೀಲನೆಗೆ ಗೊತ್ತಾದ ಅವಧಿ, ದೋಷ ಕಂಡರೆ ಹಣ ವಾಪಸ್ಸು ಎಂಬ ಷರತ್ತು, ಎಲ್ಲವೂ ಬರೆಹದಲ್ಲಿ. ಜಮೀನು ಮಾಲೀಕರದು, ಕಟ್ಟಡ ಡೆವಲಪರದು ಎಂಬ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಳ್ಳುವವರು, ಜಮೀನು ಕೊಳ್ಳುತ್ತಿಲ್ಲವಲ್ಲ ಎಂದು ಪರಿಶೀಲನೆ ಸಡಿಲ ಮಾಡುತ್ತಾರೆ. ಮನೆ ಮಾರುವುದು ಅದೇ ಜಮೀನಿನ ಮೇಲೆ, ಟೈಟಲ್ ಹೋದರೆ ಹೋಗುವುದೂ ಅದೇ.

ಇಲ್ಲಿ ಕೊನೆಗೆ ಸಿಕ್ಕಿಕೊಳ್ಳುವವರು ಫ್ಲಾಟನ್ನೋ ನಿವೇಶನವನ್ನೋ ಕೊಂಡವರು. ಅವರ ಕೈಯಲ್ಲಿರುವುದು ಸಾಲದ ಕಂತು. 500 ಚದರ ಮೀಟರು ಅಥವಾ 8 ಮನೆ ಮೀರಿದ ಯೋಜನೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಗೆ ಒಳಪಡುತ್ತದೆ. ಅದರ 18(2)ನೇ ಕಲಂ ಪ್ರಕಾರ ಜಮೀನಿನ ಟೈಟಲ್ ದೋಷದಿಂದ ಕೊಂಡವರಿಗೆ ನಷ್ಟವಾದರೆ ಪ್ರವರ್ತಕರು ಪರಿಹಾರ ಕೊಡಬೇಕು, ಆ ಕ್ಲೇಮಿಗೆ ಕಾಲಮಿತಿಯೂ ಇಲ್ಲ. 30 ವರ್ಷದ ಇಸಿ ಹಿಡಿದು ಲೇಔಟ್ ಮಾಡುವವರು ಆ ಕಲಂ ಓದಿ ಮುಂದುವರಿಯಲಿ. ಕೊಳ್ಳುವವರಿಗೂ ಹೇಳುವುದಿದೆ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಜಮೀನಿನ ದಾಖಲೆಗಳು ಇರುತ್ತವೆ, ಯಾರು ಬೇಕಾದರೂ ತೆಗೆದು ಓದಬಹುದು. ಟೈಟಲ್ ವರದಿ ಯಾವ ವರ್ಷದಿಂದ ಶುರುವಾಗುತ್ತದೆ, ಜಮೀನು ಮೊದಲು ಯಾರಿಗೆ ಹೇಗೆ ಬಂತೆಂದು ಅದರಲ್ಲಿ ಬರೆದಿದೆಯೇ, ಮಾರಿದ ಮನೆತನದ ಹೆಣ್ಣುಮಕ್ಕಳ ಹೆಸರು ಪತ್ರದಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಬಿಲ್ಡರನ್ನು ಇಮೇಲಿನಲ್ಲಿ ಕೇಳಿ. ಬುಕಿಂಗ್ ಹಣ ಬರೆಹದ ಉತ್ತರ ಬಂದ ಮೇಲೆ ಕೊಡಿ.